ಪಾಯಿನ್‌ಸೆಟ್ ಕೌಂಟಿಯಲ್ಲಿ ಸರ್ಕಾರದ ಹಣ



ರೈತನಿಗೆ ಸರ್ಕಾರ ಹಣ ಕೊಡಬೇಕೇ ಬೇಡವೇ ಎಂಬ ವಾದ ಹಳೆಯದು. ಕೊಡಬೇಕು ಎನ್ನುವ ಪಕ್ಷ ನನ್ನದು. ಆದರೆ ಆ ಹಣ ಯಾರ ಕೈ ಸೇರುತ್ತದೆ ಎಂದು ಕೇಳದೆ ಈ ವಾದ ಮುಗಿಯುವುದಿಲ್ಲ. ಅದನ್ನು ತಿಳಿಯಲು ಅಮೆರಿಕದ ಅರ್ಕನ್ಸಾ ರಾಜ್ಯದ ಪಾಯಿನ್‌ಸೆಟ್ ಕೌಂಟಿಯನ್ನು ನೋಡಬೇಕು.

1933ರಲ್ಲಿ ಹತ್ತಿಯ ಬೆಲೆ ನೆಲ ಕಚ್ಚಿತ್ತು. ಬೆಳೆ ಕಡಿಮೆ ಮಾಡಿದವರಿಗೆ ಹಣ ಕೊಡುವ ಕಾಯ್ದೆಯನ್ನು ರೂಸ್‌ವೆಲ್ಟ್ ಸರ್ಕಾರ ತಂದಿತು. ಆ ವರ್ಷ ದಕ್ಷಿಣದ ರಾಜ್ಯಗಳಲ್ಲಿ ಸುಮಾರು 1 ಕೋಟಿ ಎಕರೆಯಲ್ಲಿ ನಿಂತಿದ್ದ ಹತ್ತಿಯನ್ನು ಉತ್ತು ಹಾಕಿದರು. ಬೆಲೆ ಏರಿತು. ಭೂಮಾಲೀಕ ಉಳಿದುಕೊಂಡ. ಅವನ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದವನ ಕಥೆ ಬೇರೆಯಾಯಿತು. ಸರ್ಕಾರ ಮಾಲೀಕರೊಂದಿಗೆ ಮಾಡಿಕೊಂಡ 1934–35ರ ಕರಾರಿನಲ್ಲಿ ಪೌಂಡಿಗೆ ನಾಲ್ಕೂವರೆ ಸೆಂಟು ಪರಿಹಾರವಿದ್ದರೆ, ಪಾಲುಗಾರನಿಗೆ ಬರಬೇಕಾದದ್ದು ಅರ್ಧ ಸೆಂಟು. ಅದೂ ಮಾಲೀಕನ ಕೈ ದಾಟಿಯೇ ಬರಬೇಕು. ಉಳುವ ನೆಲ ಕಡಿಮೆಯಾದ ಮೇಲೆ ಉಳುವವರೂ ಬೇಡವಾದರು. ಕುಟುಂಬಗಳನ್ನು ಗುಡಿಸಲುಗಳಿಂದ ಹೊರಹಾಕಿದರು. ದೂರು ಕೇಳಬೇಕಾದ ಸ್ಥಳೀಯ ಸಮಿತಿಗಳಲ್ಲಿ ಕುಳಿತಿದ್ದವರು ಬಹುಪಾಲು ಮಾಲೀಕರೇ.

1934ರ ಜುಲೈನಲ್ಲಿ ಪಾಯಿನ್‌ಸೆಟ್ ಕೌಂಟಿಯ ಟೈರೋಂಜಾ ಊರಿನ ಬಳಿ 11 ಬಿಳಿಯರು, 7 ಕಪ್ಪುಜನರು ಒಂದು ಶಾಲೆಯಲ್ಲಿ ಸೇರಿ ದಕ್ಷಿಣದ ಗೇಣಿದಾರರ ಸಂಘ ಕಟ್ಟಿದರು. ಆ ಕಾಲದ ಅರ್ಕನ್ಸಾದಲ್ಲಿ ಎರಡು ಜನಾಂಗದವರು ಒಂದೇ ಸಂಘದಲ್ಲಿ ಕೂರುವುದೆಂದರೆ ಪ್ರಾಣಕ್ಕೇ ಅಪಾಯ. ವಾಷಿಂಗ್ಟನ್ನಿನಲ್ಲಿ ಈ ಕಾಯ್ದೆಯನ್ನು ಜಾರಿ ಮಾಡುತ್ತಿದ್ದ ಕಚೇರಿಯ ವಕೀಲ ಜೆರೋಮ್ ಫ್ರಾಂಕ್ ಮತ್ತು ಜೊತೆಯ ವಕೀಲರು, ಇದ್ದ ಗೇಣಿದಾರರನ್ನೇ ಉಳಿಸಿಕೊಳ್ಳಬೇಕೆಂದು ಕರಾರನ್ನು ಅರ್ಥೈಸಿದರು. ಅದರ ಫಲವಾಗಿ 1935ರ ಫೆಬ್ರವರಿಯಲ್ಲಿ ಫ್ರಾಂಕ್ ಮತ್ತು ಕೆಲವು ಸಹೋದ್ಯೋಗಿಗಳ ಕೆಲಸ ಹೋಯಿತು. ಕೃಷಿ ಸಹಾಯಧನದ ಇಡೀ ಚರಿತ್ರೆಯಲ್ಲಿ ಇಷ್ಟು ನೋವಿನ ತಿರುವು ಇನ್ನೊಂದಿಲ್ಲವೆಂದು ನಾನು ನಂಬುತ್ತೇನೆ.

ಹಣ ಯಾರ ಕೈಗೆ ಎಂಬ ಪ್ರಶ್ನೆ ನಮ್ಮಲ್ಲೂ ಇದೆ. ನಮ್ಮ ಪಿಎಂ ಕಿಸಾನ್ ಯೋಜನೆಯ 6,000 ರೂಪಾಯಿಯೂ ಹೋಗುವುದು ಯಾರ ಹೆಸರಿನಲ್ಲಿ ಜಮೀನಿದೆಯೋ ಅವರಿಗೆ. ಕರ್ನಾಟಕದಲ್ಲಿ 1974ರ ನಂತರ ಗೇಣಿ ಬಹುಮಟ್ಟಿಗೆ ಕಾನೂನಿನಲ್ಲಿಲ್ಲ, ಹೊಲದಲ್ಲಿದೆ. ಬಾಯಿಮಾತಿನ ಮೇಲೆ ಕೋರಿಗೆ ಮಾಡುವವರ ಹೆಸರು ಪಹಣಿಯಲ್ಲಿ ಸಿಗುವುದಿಲ್ಲ.

ಅಮೆರಿಕದಲ್ಲಿ ಮುಂದೇನಾಯಿತು? ಕೃಷಿ ಇಲಾಖೆ ಸಾಲ, ಸಹಾಯಧನಗಳಲ್ಲಿ ತಾರತಮ್ಯ ಮಾಡಿದೆಯೆಂದು ಕಪ್ಪು ರೈತರು ಹೂಡಿದ ಪಿಗ್‌ಫೋರ್ಡ್ ಮೊಕದ್ದಮೆ 1999ರಲ್ಲಿ ರಾಜಿಯಾಯಿತು. ಪರಿಹಾರದ ಮೊತ್ತ ನೂರು ಕೋಟಿ ಡಾಲರ್ ದಾಟಿತು. ಅಷ್ಟರಲ್ಲಿ ಬಹಳಷ್ಟು ಮಂದಿ ಜಮೀನು ಬಿಟ್ಟಾಗಿತ್ತು.

ಇಂದು ಪಾಯಿನ್‌ಸೆಟ್ ಭತ್ತ, ಸೋಯಾ ಬೆಳೆಯುವ ಸೀಮೆ. ಬೆಲೆ ಕುಸಿದಾಗ ಬರುವ ಸರ್ಕಾರಿ ಹಣದ ಲೆಕ್ಕ ನಡೆಯುವುದು ಈ ವರ್ಷದ ಬಿತ್ತನೆಯ ಮೇಲಲ್ಲ, ಹಿಂದೆಂದೋ ದಾಖಲಾದ ಎಕರೆಯ ಮೇಲೆ. ನಗದು ಗೇಣಿಯ ಹೊಲವಾದರೆ ಹಣ ಗೇಣಿದಾರನಿಗೇ ಸಲ್ಲುತ್ತದೆ. ಆದರೆ ಗೇಣಿಯ ದರ ಏರಿ ಆ ಹಣದಲ್ಲೊಂದು ಪಾಲು ಮಾಲೀಕನಿಗೆ ಮರಳುತ್ತದೆ. ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಎಂಬ ಮಿತಿ 2018ರ ಕೃಷಿ ಕಾಯ್ದೆಯಲ್ಲಿತ್ತು. ಆದರೆ ಪಾಲುದಾರಿಕೆಯ ಕೃಷಿಯಲ್ಲಿ ಅರ್ಹ ಸದಸ್ಯರೊಬ್ಬೊಬ್ಬರಿಗೂ ಆ ಮಿತಿ ಪ್ರತ್ಯೇಕವಾಗಿ ಅನ್ವಯಿಸುತ್ತಿತ್ತು. ಅದೇ ಕಾಯ್ದೆ, ಹಾಗೆ ಅರ್ಹರಾಗಬಲ್ಲ ಕುಟುಂಬ ಎಂಬುದರೊಳಗೆ ಅಣ್ಣತಮ್ಮಂದಿರ ಮಕ್ಕಳನ್ನೂ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳನ್ನೂ ಸೇರಿಸಿತು. ಟ್ರ್ಯಾಕ್ಟರ್ ಹತ್ತದಿದ್ದರೂ, ಆಡಳಿತ ನೋಡಿಕೊಳ್ಳುತ್ತೇನೆಂದು ತೋರಿಸಿದವರು ಕಾಯ್ದೆಯ ಕಣ್ಣಿನಲ್ಲಿ ರೈತರಾಗಬಹುದು. ದಿನಗೂಲಿಗೆ ಆ ಟ್ರ್ಯಾಕ್ಟರ್ ಓಡಿಸುವವನು ಮಾತ್ರ ಆಗಲಾರ.