ಹೊಳೆಯುವ ಸೈಕಲ್ಲು, ಹೊರೆ ಹೊರುವ ಸೈಕಲ್ಲು

ಮೋಟಾರು ಬೈಕುಗಳ ಈ ಕಾಲದಲ್ಲಿ ಸೈಕಲ್ಲನ್ನು ಕುರಿತು ಭಾಷಣವೇ ಎಂದು ಕೆಲವರು ಹುಬ್ಬೇರಿಸಬಹುದು. ಅಂಥವರು ಸಿಂಧನೂರಿನಂಥ ಪೇಟೆಯ ಸೈಕಲ್ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು ನೋಡಬೇಕು. ತೋಳುಗಾತ್ರದ ಟೈರು, ಮುಂಭಾಗದಲ್ಲಿ ಸ್ಪ್ರಿಂಗು, ಇಪ್ಪತ್ತೊಂದು ಗೇರು, ಕಣ್ಣು ಕುಕ್ಕುವ ಬಣ್ಣ ಒಂದು ಕಡೆ. ಅದರ ಪಕ್ಕದಲ್ಲಿ ಕರಿಯ ಬಣ್ಣದ ಹಳೆಯ ಮಾದರಿ, ಮನೆಯ ಹಿರಿಯನಂತೆ ಮಾತಿಲ್ಲದೆ ನಿಂತಿರುತ್ತದೆ. ಮಗನ ಕಣ್ಣು ಒಂದರ ಮೇಲೆ, ತಂದೆಯ ಕೈ ಇನ್ನೊಂದರ ಮೇಲೆ. ಇವರಿಬ್ಬರಲ್ಲಿ ಯಾರ ಆಯ್ಕೆ ಸರಿ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಹೊಸದೆಲ್ಲವೂ ಹುಸಿ ಎಂದು ವಾದಿಸುವವನು ನಾನಲ್ಲ. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದಾಗ ಅದನ್ನು ಕಂಡು ನಕ್ಕವರುಂಟು. ಮರುವರ್ಷ ಅದೇ ಊರಿನ ಪಂದ್ಯಗಳಲ್ಲಿ ವಿಲ್ಲೀ ಹ್ಯೂಮ್ ಎಂಬ ಸವಾರ ಆ ಟೈರಿನ ಮೇಲೆ ಗೆದ್ದು ಬಂದ. ನಗು ಅಡಗಿತು. ಆ ಶತಮಾನ ಮುಗಿಯುವ ಮುನ್ನವೇ ಅಮೆರಿಕದ ಕೊಲಂಬಿಯಾ ಹೆಸರಿನಲ್ಲಿ ಚೈನಿಲ್ಲದ ಸೈಕಲ್ಲೊಂದು ಭಾರಿ ಪ್ರಚಾರದೊಡನೆ ಬಂದಿತು. ಚೈನಿನ ಬದಲು ಹಲ್ಲುಚಕ್ರಗಳು ಮತ್ತು ತಿರುಗುವ ದಂಡ. ಬಟ್ಟೆಗೆ ಎಣ್ಣೆ ಮೆತ್ತುವುದಿಲ್ಲ ಎಂಬ ಮಾತು ನಿಜವೇ ಆಗಿತ್ತು. ಆದರೆ ಬೆಲೆ ಹೆಚ್ಚು, ತೂಕವೂ ಹೆಚ್ಚು. ಅದು ಮರೆಯಾಯಿತು, ಚೈನು ಉಳಿಯಿತು. ಎರಡರ ಬಗೆಗೂ ತೀರ್ಪಿತ್ತದ್ದು ಜಾಹೀರಾತಲ್ಲ, ರಸ್ತೆ.

ಈಗ ನಮ್ಮ ರಸ್ತೆಯನ್ನು ನೋಡೋಣ. ಸಾಲಗುಂದದಂಥ ಊರನ್ನು ತೆಗೆದುಕೊಳ್ಳಿ. ಸಿಂಧನೂರು ಸೀಮೆ ಬಹುಮಟ್ಟಿಗೆ ಸಮತಟ್ಟಾದ ಎರೆಯ ಸೀಮೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ತಾಲ್ಲೂಕಿನ ಬಹುಭಾಗವನ್ನು ಭತ್ತದ ಗದ್ದೆ ಮಾಡಿದೆ. ಬೇಸಿಗೆಯಲ್ಲಿ ಕೆಂಡದಂಥ ಬಿಸಿಲು. ಮಳೆ ಬಿದ್ದರೆ ಕಾಲಿಗೆ ಮೆತ್ತಿ ಬಿಡದ ಮಣ್ಣು. ದಾರಿಯ ಬದಿಗೆ ಜಾಲಿ ಮುಳ್ಳು. ಇಲ್ಲಿ ಏರುವುದಕ್ಕೆ ಬೆಟ್ಟವೆಲ್ಲಿದೆ? ಇಪ್ಪತ್ತೊಂದು ಗೇರು ಎಂಬುದು ಮುಂದಿನ ಮೂರು, ಹಿಂದಿನ ಏಳು ಹಲ್ಲುಚಕ್ರಗಳ ಗುಣಾಕಾರ. ಅವುಗಳಲ್ಲಿ ಹಲವು ಒಂದನ್ನೊಂದು ಹೋಲುತ್ತವೆ. ಸಮನೆಲದ ಸವಾರನು ದಿನವೂ ಬಳಸುವುದು ಎರಡೋ ಮೂರೋ. ಉಳಿದವುಗಳ ಸಂದಿಯಲ್ಲಿ ಕುಳಿತುಕೊಳ್ಳುವುದು ಎರೆಮಣ್ಣು.

ಅಗ್ಗದ ಸ್ಪ್ರಿಂಗಿನ ಕತೆಯೂ ಇಂಥದೇ. ಎದ್ದು ನಿಂತು ಪೆಡಲ್ ತುಳಿದರೆ ಅದು ಕುಗ್ಗಿ ಏಳುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿಯಲ್ಲಿ ಒಂದು ಪಾಲು ಕೆಳಕ್ಕೆ ಹೋಗುತ್ತದೆ. ನಾಲ್ಕು ಅಂಗುಲದ ದಪ್ಪ ಟೈರು ಅಲಾಸ್ಕಾದ ಹಿಮ ಮತ್ತು ಮರಳುನೆಲಗಳಲ್ಲಿ ಹೂತುಹೋಗದೆ ಸಾಗಲೆಂದು ಬಂದದ್ದು. ಡಾಂಬರಿನ ಮೇಲೆ ಅದು ಸವಾರನಿಗೆ ಬರಿಯ ಹೊರೆ. ಒದ್ದೆ ಎರೆಯಲ್ಲಾದರೋ ದಪ್ಪ ಟೈರಿಗೆ ಮೆತ್ತುವ ಮಣ್ಣೂ ದಪ್ಪವೇ. ಇನ್ನು ಹಗುರದ ಹೆಚ್ಚುಗಾರಿಕೆ: ಸವಾರ 60 ಕೆ.ಜಿ., ಸೈಕಲ್ಲು 20, ಕ್ಯಾರಿಯರಿನಲ್ಲಿ 25 ಕೆ.ಜಿ. ಅಕ್ಕಿಯ ಚೀಲ. ಸಾವಿರಾರು ರೂಪಾಯಿ ಸುರಿದು ಒಂದು ಕೆ.ಜಿ. ಇಳಿಸಿದರೂ ಒಟ್ಟು ಭಾರದಲ್ಲಿ ಕಡಿಮೆಯಾಗುವುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಪಂದ್ಯದ ಸವಾರನಿಗೆ ಅದು ಗೆಲುವು ತಂದೀತು; ಸಂತೆಗೆ ಹೋಗುವವನಿಗೆ ಅದರ ಅರಿವೇ ಆಗದು.

ಮೆರುಗಿಗಾಗಿ ಕಳಚಿಹಾಕಿದ ವಸ್ತುಗಳ ಲೆಕ್ಕವನ್ನೂ ಇಡಬೇಕು. ಮಡ್‌ಗಾರ್ಡು, ಚೈನ್ ಕವರು, ಕ್ಯಾರಿಯರು, ಸ್ಟ್ಯಾಂಡು ಇವು ನೋಟಕ್ಕೆ ಭಾರವೆಂದು ಹೊಸ ಮಾದರಿಗಳಿಂದ ಹೊರಬಿದ್ದಿವೆ. ಚೈನ್ ಕವರಿಲ್ಲದಿದ್ದರೆ ಲಂಗವೋ ಧೋತರವೋ ಚೈನಿಗೆ ಸಿಕ್ಕೀತು. ಕ್ಯಾರಿಯರಿಲ್ಲದ ಸೈಕಲ್ಲಿನಲ್ಲಿ ಶಾಲೆಯ ಚೀಲ ಬೆನ್ನಿಗೇ ಬೀಳುತ್ತದೆ.

ಇದನ್ನೆಲ್ಲ ಅಭಿರುಚಿಯ ಪ್ರಶ್ನೆಯೆಂದು ನಾನು ತಳ್ಳಿಹಾಕಲಾರೆ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಹೈಸ್ಕೂಲು ದೂರವೆಂಬ ಕಾರಣಕ್ಕೆ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಓದು ಬಿಡಬಾರದು ಎಂಬುದು ಅದರ ಹಿಂದಿನ ಆಶಯ. ಅವು ಗೇರಿಲ್ಲದ ಸಾದಾ ಸೈಕಲ್ಲುಗಳು. ಅವುಗಳ ಗುಣಮಟ್ಟದ ಬಗ್ಗೆ ಆಕ್ಷೇಪಣೆಗಳು ಬಂದದ್ದೂ ಉಂಟು. ಆದರೂ ನೀಲಿ-ಬಿಳಿ ಸಮವಸ್ತ್ರದ ಹುಡುಗಿಯರು ಸಾಲುಗಟ್ಟಿ ಪೆಡಲ್ ತುಳಿಯುತ್ತ ಹೋಗುವ ನೋಟ ನಮ್ಮ ಹಳ್ಳಿಗಳಿಗೆ ಹೊಸದಾಗಿತ್ತು. 2020-21ರಲ್ಲಿ, ಕೊರೋನಾದ ಕಾಲಕ್ಕೆ, ವಿತರಣೆ ನಿಂತಿತು. ಸರ್ಕಾರದ ಸೈಕಲ್ಲು ಬಾರದ ವರ್ಷ ಹೆತ್ತವರೇ ಹಣ ಹೊಂದಿಸಿ ಕೊಳ್ಳಬೇಕು. ಅಂಥ ಮನೆಯಲ್ಲಿ ಒಂದು ಸೈಕಲ್ಲು ಮೂಲೆಗೆ ಬಿದ್ದರೆ ಬೀಳುವುದು ಸೈಕಲ್ಲೊಂದೇ ಅಲ್ಲ, ಮಗಳ ಓದೂ ಅದರ ಜೊತೆಗೆ ಬಿದ್ದೀತು.

ಆದುದರಿಂದ ಕೊಳ್ಳುವ ಮುನ್ನ ಊರಿನ ಪಂಕ್ಚರ್ ಅಂಗಡಿಯವನ ಮಾತು ಕೇಳುವುದು ಜಾಣತನ. ಪಾನಾ, ಸೊಲ್ಯೂಷನ್ ಡಬ್ಬಿ, ನೀರಿನ ಬೋಗುಣಿ ಇಷ್ಟರಿಂದಲೇ ಅವನು ಕರಿಯ ಸೈಕಲ್ಲಿನ ಮುಕ್ಕಾಲು ಪಾಲು ರೋಗಗಳನ್ನು ವಾಸಿಮಾಡಬಲ್ಲ. ಕಡ್ಡಿ ಮುರಿದರೆ ಹಾಕುತ್ತಾನೆ, ಗಾಲಿಯ ಬೆಂಡು ತೆಗೆಯುತ್ತಾನೆ. ಸ್ಪ್ರಿಂಗಿನ ಕೊಳವೆಯೋ ಡಿಸ್ಕ್ ಬ್ರೇಕೋ ಕೆಟ್ಟರೆ ಅವನ ಬಳಿ ಬಿಡಿಭಾಗವಿದೆಯೆ? ಇಲ್ಲವಾದರೆ ಅದನ್ನು ರಾಯಚೂರಿನಿಂದಲೋ ಹುಬ್ಬಳ್ಳಿಯಿಂದಲೋ ತರಿಸುವತನಕ ಮಗಳು ಶಾಲೆಗೆ ಹೇಗೆ ಹೋಗಬೇಕು? ಈ ಎರಡು ಪ್ರಶ್ನೆಗಳನ್ನು ಅಂಗಡಿಯ ಬಾಗಿಲಲ್ಲೇ ಕೇಳಿಕೊಳ್ಳಬೇಕು. ಅವಕ್ಕೆ ಉತ್ತರ ಸಿಕ್ಕಮೇಲೆ ಬಣ್ಣವನ್ನು ಮಗಳೇ ಆರಿಸಲಿ. ಅದಕ್ಕೆ ನನ್ನ ಅಭ್ಯಂತರವಿಲ್ಲ.