ಶುಶ್ರೂಷೆ ಎಂಬ ಶಬ್ದ



ಶುಶ್ರೂಷೆ ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ರೋಗಿಯ ಸೇವೆ ಎಂದು ಅದಕ್ಕೆ ಅರ್ಥ ಹೇಳುತ್ತೇವೆ. ಆದರೆ ಸಂಸ್ಕೃತದಲ್ಲಿ ಈ ಶಬ್ದ ಹುಟ್ಟಿದ್ದು ‘ಶ್ರು’ ಎಂಬ ಧಾತುವಿನಿಂದ. ಶ್ರು ಎಂದರೆ ಕೇಳು. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ.

ರೋಗಿಯ ದೇಹವೇ ಮಾತನಾಡದಿದ್ದರೆ ಕೇಳುವುದು ಹೇಗೆ? ಗುಂಡು ತಗಲಿಯೋ, ಎತ್ತರದಿಂದ ಬಿದ್ದೋ ಸೈನಿಕನ ಬೆನ್ನುಹುರಿ ಪೂರ್ತಿ ಕಡಿದರೆ, ಅಲ್ಲಿಂದ ಕೆಳಗೆ ಚಲನೆಯಿಲ್ಲ, ಸ್ಪರ್ಶದ ಅರಿವೂ ಇಲ್ಲ. ನಾವು ನೀವು ನಿದ್ದೆಯಲ್ಲಿಯೂ ಮಗ್ಗುಲು ಬದಲಿಸುತ್ತೇವೆ. ದೇಹವೇ ನಮ್ಮನ್ನು ಹೊರಳಿಸುತ್ತದೆ. ಆತನಿಗೆ ಆ ಕರೆ ಬರುವುದಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿದರೆ ಸೊಂಟದ, ಹಿಮ್ಮಡಿಯ ಎಲುಬು ಒತ್ತಿ, ರಕ್ತ ಹರಿಯದೆ ಚರ್ಮ ಸಾಯುತ್ತದೆ. ಹುಣ್ಣು ಎಲುಬಿನವರೆಗೆ ಇಳಿದರೂ ನೋವಿಲ್ಲ. ಆದ್ದರಿಂದ ಎರಡೆರಡು ಗಂಟೆಗೊಮ್ಮೆ ಮತ್ತೊಬ್ಬರು ಎದ್ದು ಹೊರಳಿಸಬೇಕು, ರಾತ್ರಿಯೂ ಅಷ್ಟೆ. ಪೆಟ್ಟು ಕುತ್ತಿಗೆಯಲ್ಲಿಯೋ ಎದೆಯ ಮೇಲ್ಭಾಗದಲ್ಲಿಯೋ ಆಗಿದ್ದರೆ ಇನ್ನೊಂದು ಸೂಕ್ಷ್ಮವಿದೆ. ಮೂತ್ರಕೋಶ ತುಂಬಿದ್ದು ಆತನಿಗೆ ತಿಳಿಯದು; ಆದರೆ ತಲೆ ಸಿಡಿಯುತ್ತದೆ, ಮುಖ ಬೆವರುತ್ತದೆ, ರಕ್ತದೊತ್ತಡ ಪ್ರಾಣಕ್ಕೆ ಎರವಾಗುವಷ್ಟು ಏರುತ್ತದೆ. ಅರಿಯದವರು ತಲೆನೋವಿನ ಗುಳಿಗೆ ಕೊಟ್ಟು ಮಲಗಿಸುತ್ತಾರೆ. ಅರಿತ ದಾದಿ ಆತನನ್ನು ಎಬ್ಬಿಸಿ ಕೂಡಿಸಿ, ಮೂತ್ರದ ನಳಿಕೆ ಎಲ್ಲಿ ಮಡಚಿದೆ ಎಂದು ನೋಡುತ್ತಾಳೆ.

ಪುಣೆಯ ಖಡಕಿಯಲ್ಲಿ ಇಂಥ ಸೈನಿಕರಿಗಾಗಿಯೇ 1974ರಲ್ಲಿ ಪುನರ್ವಸತಿ ಕೇಂದ್ರ ಆರಂಭವಾಯಿತು. ಪಂಜಾಬದ ಮೊಹಾಲಿಯಲ್ಲಿಯೂ ಅಂಥದೊಂದಿದೆ. ಕೆಲವರು ಅಲ್ಲಿ ಆಜೀವ ಇರುತ್ತಾರೆ. ಗಾಲಿಕುರ್ಚಿಯಲ್ಲಿ ಕುಳಿತು ಚೆಂಡಾಟವಾಡುತ್ತಾರೆ. ಕೈಗಳೂ ನಡೆಯದವರು ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುತ್ತಾರೆ. 1965ರ ಯುದ್ಧದಲ್ಲಿ ಗುಂಡು ತಗಲಿ ಕಾಲು ಕಳೆದುಕೊಂಡಂತಾಗಿದ್ದ ಮುರಳಿಕಾಂತ ಪೇಟಕರರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಈಜಿ ಚಿನ್ನ ಗೆದ್ದರು. ಜನ ಪದಕದ ಮಾತನ್ನೇ ಆಡುತ್ತಾರೆ. ಬೆನ್ನಮೇಲೆ ಹುಣ್ಣಿದ್ದವನು ನೀರಿಗಿಳಿಯಲಾರ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ನಮ್ಮ ಬೆಳಗಾವಿ, ಧಾರವಾಡ ಸೀಮೆಯಿಂದ ಸೈನ್ಯಕ್ಕೆ ಹೋದ ಮಕ್ಕಳು ಬಹಳ. ಅವರಲ್ಲೊಬ್ಬ ಹೀಗಾಗಿ ಬಂದರೆ ಊರವರು ಏನನ್ನುತ್ತಾರೆ? “ತಾಯಿಯಿದ್ದಾಳೆ, ಹೆಂಡತಿಯಿದ್ದಾಳೆ, ಪರಸ್ಥಳದಲ್ಲಿ ಯಾಕೆ ಇಟ್ಟಿರಿ?” ಎನ್ನುತ್ತಾರೆ. ಅನ್ನುವವರು ಒಂದು ರಾತ್ರಿ ಎದ್ದವರಲ್ಲ. ಚರಕಾಚಾರ್ಯರು ಪರಿಚಾರಕನಿಗೆ ನಾಲ್ಕು ಗುಣ ಹೇಳಿದ್ದಾರೆ: ಉಪಚಾರದ ಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ. ಅನುರಾಗ ಮೂರನೆಯದು, ನೋಡಿರಿ. ತಾಯಿಗೆ ಅದು ಸಮುದ್ರದಷ್ಟಿದೆ; ಆದರೆ ಅರವತ್ತು ದಾಟಿದ ಆಕೆಯ ನಡ ಮಗನನ್ನು ಎತ್ತಲಾರದು. ಕಲಿತ ಕೈಗಳಿರುವಲ್ಲಿಗೆ ಆತನನ್ನು ಒಪ್ಪಿಸಿದರೆ ಆಕೆ ಮಗನನ್ನು ಕೈಬಿಟ್ಟಂತಲ್ಲ. ಒಪ್ಪಿಸಿ ಬಂದು, ಪಿಂಚಣಿ ಬಂದ ದಿನ ಮಾತ್ರ ನೆನೆಯುವ ಅಣ್ಣತಮ್ಮಂದಿರಿದ್ದರೆ ಆ ಮಾತು ಬೇರೆ. ಅವರಿಗೆ ಊರವರು ಕೇಳಲಿ, ನಾವೂ ಕೇಳುತ್ತೇವೆ.

ಮನೆಯಲ್ಲಿಯೇ ಇಟ್ಟುಕೊಂಡವರೂ ಇದ್ದಾರೆ. ಅಂಥ ಮನೆ ನಿಮ್ಮ ಓಣಿಯಲ್ಲಿದ್ದರೆ ಆಗಸ್ಟ್ 15ಕ್ಕೆ ಹಾರ ಒಯ್ಯಿರಿ, ಬೇಡವೆನ್ನುವುದಿಲ್ಲ. ಒಯ್ದಾಗ, ರಾತ್ರಿ ಎರಡು ಗಂಟೆಗೆ ಹೊರಳಿಸುವ ಸರದಿ ಯಾರದೆಂದು ಆ ತಾಯಿಯನ್ನು ಕೇಳಿರಿ. ವಾರಕ್ಕೊಂದು ರಾತ್ರಿ ಅದನ್ನು ವಹಿಸಿಕೊಳ್ಳುವ ತರುಣರು ಈ ಸಭೆಯಲ್ಲಿದ್ದರೆ, ಹೊರಳಿಸುವ ಕ್ರಮವನ್ನು ಬಲ್ಲವರಿಂದ ಕಲಿತು ಹೋಗಲಿ.