ಮೈಸೂರಿನ ಎರಡು ಗಡಿಯಾರಗಳ ನಡುವೆ

ಇವತ್ತಿನ ಎಪಿಸೋಡ್ ಮೈಸೂರಲ್ಲಿ, ಆದರೆ ಅರಮನೆ ಬಗ್ಗೆ ಅಲ್ಲ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟಿದ್ದು, ಹೆನ್ರಿ ಇರ್ವಿನ್ ವಿನ್ಯಾಸದ ಹೊಸದು 1912ಕ್ಕೆ ಮುಗಿದಿದ್ದು, ಇದೆಲ್ಲ ನಿಮಗೆ ಗೊತ್ತೇ ಇದೆ. ಅರಮನೆಗೆ ಟಿಕೆಟ್ ಇದೆ, ಭಾನುವಾರ ಲೈಟ್ ಇದೆ, ನೋಡ್ಕೊಳ್ಳೋಕೆ ಜನ ಇದ್ದಾರೆ. ನಾವು ಅದರ ಪಕ್ಕದ ಬೀದಿಗಳಲ್ಲಿ ನಡೆಯೋಣ.

ಪುರಭವನದಿಂದ ಶುರು ಮಾಡಿ. 1884ರಲ್ಲಿ ದಿವಾನ್ ರಂಗಾಚಾರ್ಲು ನೆನಪಿಗೆ ಕಟ್ಟಿದ್ದು. 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ್ದು ಇವರೇ. ಹತ್ತಿರದಲ್ಲೇ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಗೆ 25 ವರ್ಷ ತುಂಬಿದಾಗ, 1927ರಲ್ಲಿ, ಅರಮನೆ ನೌಕರರು ಕಟ್ಟಿಸಿದ್ದು. 75 ಅಡಿ ಎತ್ತರ. ಅದರಲ್ಲಿ ಟೈಮ್ ನೋಡೋಕೆ ಕನ್ನಡ ಅಂಕಿ ಬರಬೇಕು. ಬರುತ್ತೆ ತಾನೇ?

ಅಲ್ಲಿಂದ ಕೆ.ಆರ್. ವೃತ್ತ ದಾಟಿದರೆ ಲ್ಯಾನ್ಸ್‌ಡೌನ್ ಕಟ್ಟಡ. ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಬಂದುಹೋದ ನೆನಪಿನದ್ದು. ಒಂದು ಕಾಲದಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕ ಬೇಕು ಅಂದ್ರೆ ಮೈಸೂರಿನವರು ಓಡ್ತಿದ್ದದ್ದು ಇಲ್ಲಿಗೇ. 2012ರ ಆಗಸ್ಟ್‌ನಲ್ಲಿ ಇದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಅಂಗಡಿಗಳು ಖಾಲಿಯಾದವು. ಹೆರಿಟೇಜ್ ಬಗ್ಗೆ ಏನೇ ಮಾತಾಡಿದರೂ ಈ ನಾಲ್ಕು ಜೀವಗಳನ್ನ ಪಕ್ಕಕ್ಕಿಟ್ಟು ಮಾತಾಡೋಕಾಗಲ್ಲ.

ಈಗ ಸಯ್ಯಾಜಿರಾವ್ ರಸ್ತೆಗೆ ಬನ್ನಿ, ದೇವರಾಜ ಮಾರುಕಟ್ಟೆ. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತೆ: ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ. ರಸ್ತೆ ಕಡೆಯ ಸಾಲಿನಲ್ಲಿ, ಮೈಸೂರು ಪಾಕ್ ಮೊದಲು ಮಾಡಿದರು ಅಂತ ಹೇಳೋ ಕಾಕಾಸುರ ಮಾದಪ್ಪನವರ ಮನೆತನದ ಅಂಗಡಿ. 2016ರ ಆಗಸ್ಟ್‌ನಲ್ಲಿ ಈ ಮಾರುಕಟ್ಟೆಯ ಉತ್ತರ ಭಾಗವೂ ಒಂದಷ್ಟು ಕುಸಿಯಿತು. ಅದೂ ದುರಸ್ತಿ ನಡೀತಿದ್ದಾಗ! ಆಮೇಲೆ ಶುರುವಾಯ್ತು ವಾದ. ಕೆಡವಿ ಅದೇ ಶೈಲಿಯಲ್ಲಿ ಹೊಸದಾಗಿ ಕಟ್ಟಬೇಕು ಅಂತ ಒಂದು ಕಡೆ, ಉಳಿಸಿ ದುರಸ್ತಿ ಮಾಡಬಹುದು ಅಂತ ಇನ್ನೊಂದು ಕಡೆ. ವಿಷಯ ಹೈಕೋರ್ಟ್‌ವರೆಗೂ ಹೋಯ್ತು.

ನಾನು ಬಿಕಾಂ ಓದಿದವನು, ಲೆಕ್ಕದ ಪುಸ್ತಕದಲ್ಲಿಟ್ಟು ನೋಡ್ತೀನಿ. ಕಟ್ಟಡಕ್ಕೆ ಪ್ರತಿವರ್ಷ ಸವಕಳಿ ಬರೀತೀವಿ. ನೂರು ವರ್ಷ ದಾಟಿದ ಕಟ್ಟಡದ ಬೆಲೆ ಅಲ್ಲಿ ಸೊನ್ನೆ, ಅದರ ಕೆಳಗಿರೋ ಜಾಗದ ಬೆಲೆ ಮಾತ್ರ ಕೋಟಿಗಟ್ಟಲೆ. ಹಾಗೆ ನೋಡಿದ್ರೆ ಕೆಡವೋದೇ ಲಾಭ ಅನ್ಸುತ್ತೆ. ಆದರೆ ಅದೇ ಪುಸ್ತಕದಲ್ಲಿ ಗುಡ್‌ವಿಲ್ ಅಂತ ಇನ್ನೊಂದು ಕಾಲಂ ಇದೆ. ಹೂವು ಬೇಕಾದವರು ಯೋಚನೆ ಮಾಡದೆ ಇಲ್ಲಿಗೇ ಬರ್ತಾರಲ್ಲ, ಆ ಅಭ್ಯಾಸ. ಕೆಲಸ ಮುಗಿಯೋವರೆಗೂ ಬೇರೆ ಕಡೆ ಹೋಗಿ ಅಂತ ವ್ಯಾಪಾರಿಗೆ ಹೇಳಿದರೆ ಅವನ ತಕ್ಕಡಿ ಜೊತೆ ಆ ಗಿರಾಕಿ ಹೋಗಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ದುರಸ್ತಿ ಆಗಬೇಕು. ಹಳೇದರ ಹಾಗೆ ಕಾಣೋ ಕಾಂಕ್ರೀಟ್ ಕಟ್ಟಡ ನನಗೆ ಸಿನಿಮಾ ಸೆಟ್. ಆದರೆ ದುರಸ್ತಿ ಅಂದ್ರೆ ಸಿಮೆಂಟ್ ಮೆತ್ತೋದಲ್ಲ. ಇವು ಇಟ್ಟಿಗೆ-ಗಾರೆ ಕಟ್ಟಡಗಳು. ಗಾರೆ ಗೋಡೆ ಉಸಿರಾಡುತ್ತೆ, ಸಿಮೆಂಟ್ ಬಳಿದ್ರೆ ಒಳಗಿನ ತೇವ ಒಳಗೇ ಉಳಿದು ಗೋಡೆ ಕೊಳೆಯುತ್ತೆ. ಗಾರೆ ಕೆಲಸ ಗೊತ್ತಿರೋರು ಬೇಕು, ಮಳೆಗಾಲಕ್ಕೆ ಮುಂಚೆ ಚಾವಣಿ ನೋಡೋರು ಬೇಕು, ಅದಕ್ಕೆ ಪ್ರತಿವರ್ಷ ದುಡ್ಡು ತೆಗೆದಿಡಬೇಕು. ಕುಸಿದ ಮೇಲೆ ತಜ್ಞರ ಸಮಿತಿ ಮಾಡೋದಕ್ಕಿಂತ ಇದು ಅಗ್ಗ.

ಮಾರುಕಟ್ಟೆಯ ದಕ್ಷಿಣ ತುದಿಯಲ್ಲಿ ಚಿಕ್ಕ ಗಡಿಯಾರ, ಇನ್ನೊಬ್ಬ ವೈಸರಾಯ್ ಡಫರಿನ್ ನೆನಪಿನದ್ದು. ನಡಿಗೆ ಅಲ್ಲಿಗೆ ಮುಗಿಯುತ್ತೆ. ಹೋಗೋರು ಬೆಳಗ್ಗೆ ಬೇಗ ಹೋಗಿ, ಹೂವಿನ ವ್ಯಾಪಾರ ಜೋರಾಗಿರುತ್ತೆ. ಕುಂಕುಮದ ರಾಶಿ ಫೋಟೋ ಎಲ್ಲರೂ ತೆಗೀತಾರೆ. ಅಂಗಡಿಯವರನ್ನ ಒಂದು ಮಾತು ಕೇಳಿ ತೆಗೀರಿ, ಒಂದು ಮೊಳ ಮಲ್ಲಿಗೆನಾದ್ರೂ ತಗೊಳ್ಳಿ. ಮುಂದಿನ ವಾರ ಸಿಗೋಣ.